ಮದರಾಸಿನ 163 ರೋಗಿಗಳು ಮತ್ತು ನಮ್ಮ ತಾತನ ತೂಕದ ಕಾರ್ಡು

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಆಫೀಸು, ಟ್ರಾಫಿಕ್ಕು, ಸೋಮಾರಿತನ... ಕಾರಣಗಳು ನಿಮಗೆ ಗೊತ್ತೇ ಇವೆ, ನೀವೂ ಬ್ಲಾಗ್ ಇಟ್ಟುಕೊಂಡವರೇ ತಾನೆ :-)

ಕಳೆದ ತಿಂಗಳು ಊರಿಗೆ ಹೋಗಿದ್ದೆ. ತುಮಕೂರಿನಿಂದ ಮುಂದೆ ಒಂದು ಗಂಟೆ ದಾರಿ. ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ತಾತನ ಕಬ್ಬಿಣದ ಟ್ರಂಕು ಕೆಳಗೆ ಬಂತು. ಒಳಗೆ ಕಂದಾಯದ ರಸೀದಿಗಳು, ಒಂದು ಮುರಿದ ಕನ್ನಡಕ, ತಳದಲ್ಲಿ ಹಳದಿಗಟ್ಟಿದ ಒಂದು ಕಾರ್ಡು. ಎರಡು ಕಾಲಂ ಅಷ್ಟೆ: ತಾರೀಕು, ತೂಕ. ಮೊದಲ ಸಾಲು 1957ರ ಜುಲೈನದು, 92 ಪೌಂಡು. ಕೊನೆಯ ಸಾಲು 1958ರ ಮೇ ತಿಂಗಳದು, 119 ಪೌಂಡು. ಅದು ತಾತ ಕ್ಷಯ ಬಂದು ಸ್ಯಾನಟೋರಿಯಂನಲ್ಲಿ ಕಳೆದ ಹನ್ನೊಂದು ತಿಂಗಳ ಲೆಕ್ಕ.

ನಮ್ಮ ಮನೆಯಲ್ಲಿ ಆ ಹನ್ನೊಂದು ತಿಂಗಳ ಕಥೆಯನ್ನು ಎಷ್ಟು ಸಲ ಕೇಳಿದ್ದೇನೋ. ತಾತ ಮಿಡ್ಲ್ ಸ್ಕೂಲ್ ಮೇಷ್ಟ್ರು. ಕೆಮ್ಮಿದಾಗ ರಕ್ತ ಬಂತು. ಪಟ್ಟಣದ ದೊಡ್ಡ ಡಾಕ್ಟರು ಎಕ್ಸ್-ರೇ ನೋಡಿ, ಮನೆಯಲ್ಲಿಟ್ಟುಕೊಂಡರೆ ಇವರೂ ಉಳಿಯಲ್ಲ, ಮಕ್ಕಳೂ ಉಳಿಯಲ್ಲ ಅಂದರಂತೆ. ಅಜ್ಜಿ ಎರಡು ಎಳೆ ಸರ ಮಾರಿದರು. ನಾಲ್ಕು ಮಕ್ಕಳಲ್ಲಿ ಹಿರಿಯವರಾದ ದೊಡ್ಡಪ್ಪನನ್ನು ಕುಣಿಗಲ್ ಕಡೆ ನೆಂಟರ ಮನೆಗೆ ಕಳಿಸಿದರು. ಅಲ್ಲಿ ದನ ಮೇಯಿಸಿಕೊಂಡು ಇದ್ದವರು ಮತ್ತೆ ಸ್ಕೂಲಿಗೆ ಸೇರಲೇ ಇಲ್ಲ. ತಾತ ಮಾತ್ರ ಗುಂಡಗಾಗಿ ವಾಪಸ್ ಬಂದರು, 1994ರವರೆಗೆ ಬದುಕಿದರು. "ಆ ಗಾಳಿ, ಆ ಹಾಲು, ದಿನಾ ಎರಡು ಮೊಟ್ಟೆ, ಅದೇ ನನ್ನನ್ನ ಉಳಿಸಿದ್ದು" ಅನ್ನೋರು. ದಿನಾ ಸೊಂಟಕ್ಕೆ ಚುಚ್ಚುತ್ತಿದ್ದ ಸೂಜಿಯ ಬಗ್ಗೆ ಕೇಳಿದರೆ, "ಹ್ಞೂಂ, ಅದೂ ಕೊಡ್ತಿದ್ರು" ಅಂತ ಒಂದೇ ಮಾತು.

ಕಾರ್ಡು ನೋಡಿದ ಮೇಲೆ ನನಗೆ ತಲೆಯಲ್ಲಿ ಒಂದು ಹುಳ ಹೊಕ್ಕಿತು. ತಾತ ಆ ಹಾಸಿಗೆಯ ಮೇಲೆ ಮಲಗಿದ್ದ ಹೊತ್ತಿಗೇ ಮದರಾಸಿನಲ್ಲಿ ಒಂದು ಪ್ರಯೋಗ ನಡೆಯುತ್ತಿತ್ತು. ಅದು ಕೇಳುತ್ತಿದ್ದ ಪ್ರಶ್ನೆ ಇಷ್ಟೇ: ತಾತನಂಥವರನ್ನು ಅಲ್ಲಿ ಮಲಗಿಸುವ ಅಗತ್ಯವೇ ಇದೆಯಾ?

ಸ್ವಲ್ಪ ಹಿಂದಿನಿಂದ ಶುರು ಮಾಡ್ತೀನಿ.

ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ರೋಗಾಣುವನ್ನು ತೋರಿಸಿದ. ಆದರೆ ಕಾರಣ ಗೊತ್ತಾಯಿತೇ ಹೊರತು ಮದ್ದು ಸಿಗಲಿಲ್ಲ. ಮುಂದಿನ ಅರವತ್ತು ವರ್ಷ ವೈದ್ಯರ ಕೈಯಲ್ಲಿ ಇದ್ದದ್ದು ಅನುಭವ ಒಂದೇ. ಅದಕ್ಕೂ ಮೊದಲೇ ಜರ್ಮನಿಯಲ್ಲಿ ಹರ್ಮನ್ ಬ್ರೆಹ್ಮರ್ ಅನ್ನುವವನು ಬೆಟ್ಟದ ಮೇಲೆ ಸ್ಯಾನಟೋರಿಯಂ ತೆರೆದಿದ್ದ. ತಂಪು ಗಾಳಿ, ಪೂರ್ತಿ ವಿಶ್ರಾಂತಿ, ಹೊಟ್ಟೆ ತುಂಬಾ ಊಟ. ಯೂರೋಪು, ಅಮೆರಿಕಾ ಎಲ್ಲ ಕಡೆ ಹಬ್ಬಿತು. ನಮ್ಮ ಕಡೆಗೂ ಬಂತು. ಮದನಪಲ್ಲಿಯ ಹತ್ತಿರ ಆರೋಗ್ಯವರಂ 1915ರಲ್ಲಿ, ಮದರಾಸಿನ ತಾಂಬರಂ 1928ರಲ್ಲಿ. ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಗೊತ್ತಲ್ಲ, ಅದರ ಹೆಸರಿನಲ್ಲಿರುವ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ, ಕ್ಷಯದಿಂದಲೇ ತೀರಿಕೊಂಡವರು. ಕಮಲಾ ನೆಹರೂ ಭೋವಾಲಿ ಸ್ಯಾನಟೋರಿಯಂನಲ್ಲಿದ್ದು, ಅಲ್ಲಿಂದ ಯೂರೋಪಿಗೂ ಹೋಗಿ, 1936ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಪ್ರಾಣ ಬಿಟ್ಟರು. ಅರಮನೆಯವರಿಗೂ ಆನಂದಭವನದವರಿಗೂ ಗಾಳಿ-ಹಾಲು ಬಿಟ್ಟರೆ ಬೇರೆ ಗತಿ ಇರಲಿಲ್ಲ ಅಂದರೆ ಯೋಚಿಸಿ.

ಗಾಳಿ-ಹಾಲು ಸಾಲದು ಅನ್ನಿಸಿದಾಗ ವೈದ್ಯರು ಕೈಗೆ ಕತ್ತಿ ತೆಗೆದುಕೊಂಡರು. ಎದೆಗೂಡಿನೊಳಗೆ ಗಾಳಿ ತುಂಬಿಸಿ ಒಂದು ಶ್ವಾಸಕೋಶವನ್ನು ಬೇಕಂತಲೇ ಕುಗ್ಗಿಸುವುದು, ಇಟಲಿಯ ಕಾರ್ಲೋ ಫೊರ್ಲಾನಿನಿಯ ವಿಧಾನ. ಅದೂ ಆಗದಿದ್ದರೆ ಪಕ್ಕೆಲುಬುಗಳನ್ನೇ ಕತ್ತರಿಸಿ ತೆಗೆದು ಎದೆಯನ್ನು ಒಳಗೆ ತಳ್ಳುವುದು. ಮಾಡಿದವರೆಲ್ಲ ಆ ಕಾಲದ ಘನವಿದ್ವಾಂಸರು. ಸಾವಿರಾರು ರೋಗಿಗಳನ್ನು ಕಂಡವರು, ರಾತ್ರಿ ನಿದ್ದೆಗೆಟ್ಟು ದುಡಿದವರು. ಮೋಸಗಾರರಲ್ಲ. ಯಾರಿಗೆ ವಾಸಿಯಾಯಿತೋ ಅವರನ್ನು ನೋಡಿ "ನನ್ನ ಚಿಕಿತ್ಸೆ ಫಲಿಸಿತು" ಅಂದುಕೊಂಡರು. ಕ್ಷಯ ಎಂಥ ಮೋಸದ ಕಾಯಿಲೆ ಅಂದರೆ, ಏನೂ ಮಾಡದಿದ್ದರೂ ಕೆಲವರಿಗೆ ತಾನಾಗಿಯೇ ತಗ್ಗುತ್ತದೆ, ಇನ್ನು ಕೆಲವರಿಗೆ ಏನು ಮಾಡಿದರೂ ನಿಲ್ಲುವುದಿಲ್ಲ. ಇಂಥ ಕಾಯಿಲೆಯ ಮುಂದೆ ಎಂಥ ಅನುಭವಿಯ ಕಣ್ಣಾದರೂ ಮಂಜಾಗುತ್ತದೆ.

ಚಿನ್ನದ ಕಥೆ ಕೇಳಿ. 1920ರ ದಶಕದಲ್ಲಿ ಡೆನ್ಮಾರ್ಕಿನಿಂದ ಸ್ಯಾನೊಕ್ರೈಸಿನ್ ಅನ್ನುವ ಚಿನ್ನದ ಲವಣವೊಂದು ಬಂತು. ಎಲ್ಲರೂ ಹೊಗಳಿದರು. ಡೆಟ್ರಾಯ್ಟ್ ಹತ್ತಿರದ ಆಂಬರ್ಸನ್ ಮತ್ತವನ ಗೆಳೆಯರು ಮಾತ್ರ 24 ರೋಗಿಗಳನ್ನು ಹನ್ನೆರಡು ಹನ್ನೆರಡರ ಎರಡು ಸಮ ಗುಂಪು ಮಾಡಿ, ನಾಣ್ಯ ಚಿಮ್ಮಿ, ಒಂದು ಗುಂಪಿಗೆ ಚಿನ್ನ ಕೊಟ್ಟರು, ಇನ್ನೊಂದಕ್ಕೆ ಬರೀ ನೀರಿನ ಇಂಜೆಕ್ಷನ್. 1931ರಲ್ಲಿ ಫಲಿತಾಂಶ ಪ್ರಕಟವಾಯಿತು. ಚಿನ್ನದಿಂದ ಲಾಭ ಕಾಣಲಿಲ್ಲ, ಕಾಟ ಮಾತ್ರ ಕಂಡಿತು. ನಾಣ್ಯವನ್ನು ಚಿಮ್ಮಿದ್ದು ಒಂದೇ ಸಲ, ರೋಗಿಗೊಂದು ಸಲ ಅಲ್ಲ. ಆದರೂ ವರ್ಷಗಟ್ಟಲೆಯ ತಜ್ಞರ ಹೊಗಳಿಕೆಯಿಂದ ಗೊತ್ತಾಗದ್ದು ಅದರಿಂದ ಗೊತ್ತಾಯಿತು.

ಆಮೇಲೆ ಸ್ಟ್ರೆಪ್ಟೊಮೈಸಿನ್. 1943ರಲ್ಲಿ ಅಮೆರಿಕಾದಲ್ಲಿ ವಾಕ್ಸ್‌ಮನ್‌ನ ಲ್ಯಾಬಿನಲ್ಲಿ ಅವನ ಶಿಷ್ಯ ಆಲ್ಬರ್ಟ್ ಶಾಟ್ಜ್ ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದ ಔಷಧ. (ನೊಬೆಲ್ ಬಂದಿದ್ದು ಗುರುವಿಗೆ ಮಾತ್ರ, ಆ ಜಗಳ ಇನ್ನೊಂದು ಪೋಸ್ಟಿಗಾಗುವಷ್ಟಿದೆ.) ಯುದ್ಧ ಮುಗಿಸಿ ಬರಿಗೈಯಾಗಿದ್ದ ಬ್ರಿಟನ್ನಿಗೆ ಡಾಲರ್ ಕೊಟ್ಟು ಕೊಳ್ಳಲು ಸಿಕ್ಕಿದ್ದು ಸ್ವಲ್ಪವೇ. ಎಲ್ಲರಿಗೂ ಹೇಗೂ ಸಾಲದು. ಹಾಗಿದ್ದ ಮೇಲೆ ಯಾರಿಗೆ ಕೊಡಬೇಕು ಅನ್ನುವುದನ್ನು ಚೀಟಿ ಎತ್ತಿಯೇ ತೀರ್ಮಾನಿಸೋಣ, ಆಗ ಹೋಲಿಕೆಯೂ ಸಿಗುತ್ತದೆ ಅಂದದ್ದು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞ. ಈ ಮನುಷ್ಯ ಡಾಕ್ಟರಾಗಬೇಕು ಅಂತಿದ್ದವನು. ಮೊದಲ ಮಹಾಯುದ್ಧದಲ್ಲಿ ಕ್ಷಯ ಅಂಟಿ, ಮೆಡಿಕಲ್ ಕನಸು ಬಿಟ್ಟು, ಹಾಸಿಗೆಯಲ್ಲೇ ಓದಿಕೊಂಡು ಅರ್ಥಶಾಸ್ತ್ರದ ಪದವಿ ಪಡೆದವನು. ವಿಧಿ ನೋಡಿ.

107 ರೋಗಿಗಳು. ಮುಚ್ಚಿದ ಲಕೋಟೆ ಒಡೆದು ನೋಡುವವರೆಗೂ ಮುಂದಿನ ರೋಗಿ ಯಾವ ಕಡೆ ಅನ್ನುವುದು ವೈದ್ಯನಿಗೂ ಗೊತ್ತಿಲ್ಲ. ಯಾಕೆ ಗೊತ್ತಿರಬಾರದು? ಗೊತ್ತಿದ್ದರೆ ಪಾಪ ಅವನು ತನಗೇ ತಿಳಿಯದ ಹಾಗೆ ಬದುಕುವ ಲಕ್ಷಣ ಇರುವವನನ್ನು ಔಷಧದ ಕಡೆಗೆ ತಳ್ಳುತ್ತಾನೆ. ಆರು ತಿಂಗಳಾದಾಗ ಸ್ಟ್ರೆಪ್ಟೊಮೈಸಿನ್ ಪಡೆದ 55 ಜನರಲ್ಲಿ ಸತ್ತವರು ನಾಲ್ಕು, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ ಹದಿನಾಲ್ಕು. 1948ರ ಆ ವರದಿಯನ್ನು ಈಗಲೂ ವೈದ್ಯಕೀಯ ಸಂಶೋಧನೆಯ ಮೈಲಿಗಲ್ಲು ಅನ್ನುತ್ತಾರೆ. ಆದರೆ ಅದರ ಮುಂದಿನ ಅಧ್ಯಾಯವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಐದು ವರ್ಷ ಕಳೆದು ಲೆಕ್ಕ ಹಾಕಿದಾಗ 55ರಲ್ಲಿ 32 ಮಂದಿ, 52ರಲ್ಲಿ 35 ಮಂದಿ ಹೋಗಿಬಿಟ್ಟಿದ್ದರು. ರೋಗಾಣು ಒಂದೇ ಔಷಧಕ್ಕೆ ಪಳಗಿಬಿಟ್ಟಿತ್ತು. ಪ್ರಯೋಗವೂ ಆರು ತಿಂಗಳಿಗೆ ಕಣ್ಣು ಮುಚ್ಚಿಕೊಂಡರೆ ಸುಳ್ಳು ಹೇಳಬಲ್ಲದು ಅನ್ನುವುದಕ್ಕೆ ನಾನು ಇದನ್ನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತೇನೆ. ಎರಡು ಮೂರು ಔಷಧ ಒಟ್ಟಿಗೇ ಕೊಡಬೇಕು ಅಂತ ಅದರಿಂದ ಕಲಿತರು. ಪಿಎಎಸ್ ಇತ್ತು, 1952ರಲ್ಲಿ ಐಸೋನಿಯಾಜಿಡ್ ಬಂತು. ಅಗ್ಗದ ಮಾತ್ರೆ, ಬಾಯಲ್ಲಿ ನುಂಗುವಂಥದ್ದು.

ಈಗ ನಮ್ಮ ದೇಶಕ್ಕೆ ಬರೋಣ. 1955ರಿಂದ 58ರವರೆಗೆ ದೇಶದಲ್ಲಿ ಮೊದಲ ದೊಡ್ಡ ಕ್ಷಯ ಸಮೀಕ್ಷೆ ನಡೆಯಿತು. ಕ್ಷಯ ಅಂದರೆ ಪೇಟೆಯ ಗಿರಣಿ, ಕೊಳೆಗೇರಿಗಳ ಕಾಯಿಲೆ ಅಂತ ತಿಳಿದಿದ್ದವರಿಗೆ, ಹಳ್ಳಿಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ ಅಂತ ಗೊತ್ತಾಯಿತು. ಅಷ್ಟು ಜನಕ್ಕೆ ಸ್ಯಾನಟೋರಿಯಂ ಹಾಸಿಗೆ ಎಲ್ಲಿಂದ ತರುವುದು? ನೂರು ವರ್ಷ ಕಟ್ಟಿದರೂ ಆಗದ ಮಾತು. ಮಾತ್ರೆ ಕೊಟ್ಟು ಮನೆಗೆ ಕಳಿಸಿದರೆ? ತಜ್ಞರು ಬೇಡ ಅಂದರು. ಅವರ ಭಯ ಹುಚ್ಚು ಭಯವೇನಲ್ಲ. ಒಂದೇ ಕೋಣೆಯ ಗುಡಿಸಲಿನಲ್ಲಿ ಎಂಟು ಜನ ಮಲಗುವಲ್ಲಿ, ಗಂಜಿ ಕುಡಿದು ಕೂಲಿಗೆ ಹೋಗುವವನಿಗೆ ಬರೀ ಮಾತ್ರೆಯಿಂದ ಏನಾಗುತ್ತದೆ? ನೆಟ್ಟಗೆ ನುಂಗುತ್ತಾನಾ? ಹೆಂಡತಿ ಮಕ್ಕಳ ಮೇಲೆ ಕೆಮ್ಮುತ್ತಾ ಕೂತರೆ ಅವರ ಗತಿ?

1956ರಲ್ಲಿ ಮದರಾಸಿನ ಚೇತ್‌ಪಟ್‌ನಲ್ಲಿ ಒಂದು ಕೇಂದ್ರ ತೆರೆದರು. ಐಸಿಎಂಆರ್, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್, ನಾಲ್ವರೂ ಸೇರಿ. ಮುಖ್ಯಸ್ಥ ವ್ಯಾಲೇಸ್ ಫಾಕ್ಸ್. ಕಫದಲ್ಲಿ ರೋಗಾಣು ಇದ್ದ ನಗರದ ಬಡ ರೋಗಿಗಳನ್ನು ತೆಗೆದುಕೊಂಡು, ಹಿಲ್‌ನ ಹಾದಿಯಲ್ಲೇ ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲು ಒಂದು ವರ್ಷ ಸ್ಯಾನಟೋರಿಯಂಗೆ. ಒಳ್ಳೆ ಊಟ, ಹಾಸಿಗೆ, ದಾದಿಯರು. ಇನ್ನೊಂದು ಪಾಲು ತಮ್ಮ ತಮ್ಮ ಗುಡಿಸಲಿಗೆ. ಔಷಧ ಇಬ್ಬರಿಗೂ ಅದೇ, ಐಸೋನಿಯಾಜಿಡ್ ಮತ್ತು ಪಿಎಎಸ್.

ಸೇರಿದವರು 193 ಮಂದಿ, ಮುಖ್ಯ ಲೆಕ್ಕಕ್ಕೆ ಸಿಕ್ಕವರು 163. ಮನೆಯವರು 82, ಸ್ಯಾನಟೋರಿಯಂನವರು 81.

ವರ್ಷ ತುಂಬಿದಾಗ ಕಫದಲ್ಲಿ ರೋಗಾಣು ಅಡಗಿದ್ದು ಸ್ಯಾನಟೋರಿಯಂನಲ್ಲಿ ನೂರಕ್ಕೆ 92 ಜನಕ್ಕೆ. ಮನೆಯಲ್ಲಿದ್ದವರಲ್ಲಿ ನೂರಕ್ಕೆ 86 ಜನಕ್ಕೆ.

ಅಷ್ಟೇ ವ್ಯತ್ಯಾಸ. ಎಂಬತ್ತೆರಡು ಎಂಬತ್ತೊಂದು ಜನರ ಗುಂಪಿನಲ್ಲಿ ಅಷ್ಟು ಹೆಚ್ಚುಕಡಿಮೆ ಚೀಟಿಯ ಆಟದಿಂದಲೇ ಆಗಬಹುದು. ಐದು ವರ್ಷ ಬೆನ್ನು ಹತ್ತಿ ನೋಡಿದಾಗಲೂ ಇಬ್ಬರ ಫಲವೂ ಹೆಚ್ಚುಕಡಿಮೆ ಒಂದೇ. ಇನ್ನು ಹೆಂಡತಿ ಮಕ್ಕಳು? ಮನೆಯಲ್ಲೇ ಇದ್ದ ರೋಗಿಗಳ ಮನೆಯವರಿಗೆ ಹೆಚ್ಚು ಕ್ಷಯ ಬರಲಿಲ್ಲ. ಅಂಟುವುದೆಲ್ಲ ಹೆಚ್ಚಾಗಿ ಮದ್ದು ಶುರುವಾಗುವ ಮೊದಲೇ ಅಂಟಿಬಿಟ್ಟಿರುತ್ತದೆ. ರೋಗ ಪತ್ತೆಯಾದ ಮೇಲೆ ಅಪ್ಪನನ್ನು ಬೇರೆ ಊರಿಗೆ ಸಾಗಿಸಿದರೆ ಬಾಗಿಲು ಮುಚ್ಚಿದ್ದು ಕುದುರೆ ಓಡಿದ ಮೇಲೆ ಅಂದ ಹಾಗಾಯಿತು.

1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಇದೆಲ್ಲ ಸುಮಾರು ತೊಂಬತ್ತು ಪುಟಗಳಲ್ಲಿ ಅಚ್ಚಾಯಿತು. ನೂರು ವರ್ಷದ ಅನುಭವವನ್ನು 163 ಜನ ಮದರಾಸಿಗರು ಮಗುಚಿ ಹಾಕಿದರು. ಜಗತ್ತಿನ ಸ್ಯಾನಟೋರಿಯಂಗಳು ಒಂದೊಂದಾಗಿ ಬಾಗಿಲು ಹಾಕುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಅವರ ಹೆಸರು ಎಲ್ಲೂ ಇಲ್ಲ, ಇರುವುದೂ ಬೇಡ ಬಿಡಿ. ಆದರೆ ಒಂದು ವರ್ಷ ಪಿಎಎಸ್ ನುಂಗುವುದು ಅಂದರೆ ಸುಮ್ಮನೆ ಮಾತಲ್ಲ. ದಿನಕ್ಕೆ ಗ್ರಾಂಗಟ್ಟಲೆ, ಹೊಟ್ಟೆ ತೊಳಸುವ ಔಷಧ. ಎಷ್ಟೋ ಜನ ನುಂಗಿದೆ ಅಂತ ಹೇಳಿ ನುಂಗುತ್ತಿರಲಿಲ್ಲ. ಕೇಂದ್ರದವರು ಹೇಳದೆ ಕೇಳದೆ ಮನೆಗೆ ಹೋಗಿ ಮೂತ್ರ ಪರೀಕ್ಷೆ ಮಾಡಿ ಹಿಡಿಯುತ್ತಿದ್ದರು. ಈ ಕಳ್ಳಾಟದಿಂದಲೇ ಮುಂದೆ ಇನ್ನೊಂದು ಯೋಚನೆ ಹುಟ್ಟಿತು. ದಿನಾ ಕೊಡುವ ಬದಲು ವಾರಕ್ಕೆ ಎರಡೇ ಸಲ, ಆದರೆ ನಮ್ಮ ಕಣ್ಣೆದುರೇ ನುಂಗಿಸಿದರೆ ಹೇಗೆ? ಅದನ್ನೂ ಪ್ರಯೋಗ ಮಾಡಿ 1964ರಲ್ಲಿ ಪ್ರಕಟಿಸಿದರು. ಚೆನ್ನಾಗಿಯೇ ಕೆಲಸ ಮಾಡಿತು. ಈ ಸಂಗತಿ ನೆನಪಿರಲಿ, ಕೆಳಗೆ ನನಗೆ ಮುಖಭಂಗ ಆಗಲಿಕ್ಕಿದೆ.

ನಮ್ಮ ತುಮಕೂರಿನ ಹೆಸರು ಬರುವ ಜಾಗ ಒಂದಿದೆ, ಬಿಡಲಾರೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಮದರಾಸಿನವರು ಹೇಗೆ ವಾಸಿ ಮಾಡುವುದು ಅಂತ ನೋಡಿದರೆ, ಬೆಂಗಳೂರಿನವರು ಅದನ್ನು ಹಳ್ಳಿಗೆ ಹೇಗೆ ಮುಟ್ಟಿಸುವುದು ಅಂತ ನೋಡಬೇಕಿತ್ತು. ಹಳ್ಳಿಗರಿಗೆ ಕಾಯಿಲೆಯ ಅರಿವೇ ಇಲ್ಲ, ಎಕ್ಸ್-ರೇ ವ್ಯಾನ್ ತೆಗೆದುಕೊಂಡು ಹೋಗಿ ನಾವೇ ಹುಡುಕಬೇಕು ಅನ್ನುವುದು ಆಗಿನ ತಜ್ಞರ ನಂಬಿಕೆ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯ ಇದ್ದವರನ್ನೇ ಕೂರಿಸಿಕೊಂಡು ಕೇಳಿದರು. ಬಹುಪಾಲು ಜನಕ್ಕೆ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಅರ್ಧಕ್ಕೂ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು! ಅಲ್ಲಿ ಕೆಮ್ಮಿನ ಬಾಟಲಿ ಕೊಟ್ಟು ಕಳಿಸಿದ್ದರು. 1963ರ ಈ ಅಧ್ಯಯನದಲ್ಲಿ ಚೀಟಿ ಎತ್ತಿದ್ದಿಲ್ಲ, ಔಷಧ ಹೋಲಿಸಿದ್ದಿಲ್ಲ. ಸುಮ್ಮನೆ ಹೋಗಿ ಕೇಳಿದ್ದು. ಆದರೂ ಇಡೀ ಕಾರ್ಯಕ್ರಮದ ದಿಕ್ಕು ತಿರುಗಿತು. ವ್ಯಾನ್ ಬಿಡಿ, ಆಸ್ಪತ್ರೆಗೆ ತಾವಾಗಿ ಬರುವ ಕೆಮ್ಮಿನವರ ಕಫ ನೋಡಿ ಅಂತಾಯಿತು. ಆಗ ಅಲ್ಲಿ ಕೆಲಸ ಮಾಡುತ್ತಿದ್ದ ಹಾಫ್‌ಡನ್ ಮಾಹ್ಲರ್ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೇ ಮುಖ್ಯಸ್ಥರಾದರು.

ಇರಲಿ. ಈಗ ಮುಖಭಂಗದ ಕಥೆ.

2011ರಲ್ಲಿ ನನ್ನ ಸೋದರಮಾವನಿಗೆ ಟಿಬಿ ಅಂತಾಯಿತು. ಅಷ್ಟು ಹೊತ್ತಿಗೆ ನಾನು ಮೇಲಿನ ಕಥೆಯನ್ನೆಲ್ಲ ಅರ್ಧಂಬರ್ಧ ಓದಿಕೊಂಡು ದೊಡ್ಡ ಪಂಡಿತನಾಗಿದ್ದೆ. ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ ಔಷಧ, ವಾರಕ್ಕೆ ಮೂರು ಸಲ, ಎದುರಿಗೇ ನುಂಗಿಸುವ ಪದ್ಧತಿ. ಮದರಾಸಿನ ಪ್ರಯೋಗದ ಮೊಮ್ಮಗ ಅನ್ನಬಹುದು. ಆದರೆ ಮಾವನನ್ನು ನೋಡುತ್ತಿದ್ದ ಎದೆರೋಗದ ಡಾಕ್ಟರು, ವಯಸ್ಸಾದವರು, "ವಾರಕ್ಕೆ ಮೂರು ಸಾಲಲ್ಲ, ನಾನು ದಿನಾನೇ ಕೊಡೋದು" ಅಂದರು. ಯಾಕೆ ಸಾರ್ ಅಂದೆ. "ನಲವತ್ತು ವರ್ಷ ನೋಡಿದೀನಪ್ಪಾ, ಮೂರು ದಿನದ್ದು ತಗೊಂಡೋರು ಎಷ್ಟೋ ಜನ ತಿರುಗಾ ನನ್ ಹತ್ರ ಬರ್ತಾರೆ" ಅಂದರು.

ನನಗೆ ಉರಿದುಹೋಯಿತು. ಹೊರಗೆ ಬಂದು ಮಾವನಿಗೆ ಭಾಷಣ ಬಿಗಿದೆ. "ಮಾವ, ವಾಸಿ ಆದೋರು ಇವರ ಹತ್ರ ಯಾಕೆ ಬರ್ತಾರೆ ಹೇಳಿ? ಕೆಟ್ಟೋರು ಮಾತ್ರ ಬರ್ತಾರೆ, ಇವರಿಗೆ ಕೆಟ್ಟೋರೇ ಕಾಣ್ತಾರೆ. ನಲವತ್ತು ವರ್ಷ ಒಂದೇ ತಪ್ಪು ಮಾಡಿದ್ರೆ ಅದು ಅನುಭವ ಆಗಲ್ಲ." ಮಾವ ತಾಳ್ಮೆಯಿಂದ ಕೇಳಿ, "ನೀನು ಹೇಳೋದು ಸರಿ ಇರಬಹುದು ಕಣಪ್ಪಾ, ಆದ್ರೆ ನನ್ನ ಎದೆ ಮೇಲೆ ಕೈ ಇಟ್ಟು ನೋಡಿದ್ದು ಆತ" ಅಂದರು. ದಿನದ ಮಾತ್ರೆಯನ್ನೇ ತೆಗೆದುಕೊಂಡರು, ಕೈಯಿಂದ ದುಡ್ಡು ಹಾಕಿ. ವಾಸಿಯಾದರು. ನಾನು ಆಗಲೂ ಸುಮ್ಮನಿರಲಿಲ್ಲ. ಅದರಲ್ಲಾದರೂ ವಾಸಿಯಾಗ್ತಿತ್ತು, ದುಡ್ಡು ಉಳೀತಿತ್ತು ಅಂತ ಒಂದು ಮದುವೆಮನೆಯಲ್ಲಿ ಎಲ್ಲರೆದುರು ಹೇಳಿಬಿಟ್ಟೆ. ಆಮೇಲೆ ಎರಡು ವರ್ಷ ಮಾವ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೇನಾಯಿತು ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2010ರ ಹೊತ್ತಿಗಾಗಲೇ ದಿನದ ಚಿಕಿತ್ಸೆಯೇ ಮೇಲು ಅಂತ ಬರೆದಿತ್ತು, ನಾನು ಓದಿರಲಿಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಿಷಯ ಬಂದು, ಸರ್ಕಾರ ವಾರಕ್ಕೆ ಮೂರು ದಿನದ ಪದ್ಧತಿ ಬಿಟ್ಟು ದಿನವಹಿ ಮಾತ್ರೆಗೆ ಬದಲಾಗುವುದಾಗಿ ಒಪ್ಪಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಮಾಮೂಲಿ ಟಿಬಿಗೆ ಮೂರು ದಿನದ್ದು ಇನ್ನು ಬೇಡ ಅಂದಿತು. 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ, ಅದೂ ಚೇತ್‌ಪಟ್‌ನ ಅದೇ ಸಂಸ್ಥೆಯದು, ಎಚ್‌ಐವಿ ಜೊತೆಗೆ ಟಿಬಿ ಇದ್ದ 331 ಜನರಲ್ಲಿ ಹೋಲಿಸಿದಾಗ ದಿನಾ ತೆಗೆದುಕೊಂಡವರಲ್ಲಿ ನೂರಕ್ಕೆ 91 ಜನಕ್ಕೆ ಗುಣ, ಮೂರು ದಿನದವರಲ್ಲಿ 77.

ಡಾಕ್ಟರು ಗೆದ್ದರು, ನಾನು ಸೋತೆ. ಮಾವನಿಗೆ ಫೋನ್ ಮಾಡಿ ಹೇಳಿದೆ. "ಗೊತ್ತಿತ್ತು ಬಿಡು" ಅಂದರು. ಅಷ್ಟೇ.

ಆದರೆ ಸೋತಿದ್ದು ಹೇಗೆ ಅಂತ ಯೋಚಿಸಿದರೆ ವಿಷಯ ಅಷ್ಟು ಸಲೀಸಾಗಿಲ್ಲ. ಕೆಟ್ಟವರೇ ಡಾಕ್ಟರ ಕಣ್ಣಿಗೆ ಬೀಳುತ್ತಾರೆ ಅಂದ ನನ್ನ ವಾದ ಈಗಲೂ ತಪ್ಪಲ್ಲ. ಅದೇ ಕಣ್ಣು ಪಕ್ಕೆಲುಬು ಕತ್ತರಿಸುವುದರಲ್ಲೂ, ಚಿನ್ನ ಚುಚ್ಚುವುದರಲ್ಲೂ ಗುಣ ಕಂಡಿತ್ತಲ್ಲ. ಆದರೆ ನಾನು ಮಾಡಿದ್ದೂ ಅದೇ ಜಾತಿಯ ತಪ್ಪು. ಮದರಾಸಿನವರು 1964ರಲ್ಲಿ ಹೋಲಿಸಿದ್ದು ತಾನಾಗಿ ಮನೆಯಲ್ಲಿ ನುಂಗುವ ಪಿಎಎಸ್ ಜೊತೆಗೆ, ಕಣ್ಣೆದುರು ಕೊಡುವ ಸ್ಟ್ರೆಪ್ಟೊಮೈಸಿನ್-ಐಸೋನಿಯಾಜಿಡ್ಡನ್ನು. ನಮ್ಮ ಮಾವನಿಗೆ ಬೇಕಿದ್ದ ಪ್ರಶ್ನೆ ಬೇರೆ: ಇವತ್ತಿನ ಔಷಧವನ್ನು ದಿನಾ ನೆಟ್ಟಗೆ ನುಂಗುವ ಮನುಷ್ಯನಿಗೆ ಮೂರು ದಿನ ಸಾಕಾ? ಬೇರೆ ಪ್ರಶ್ನೆಯ ಉತ್ತರವನ್ನು ತಂದು ಇಲ್ಲಿ ಅಂಟಿಸಿ "ಪುರಾವೆ" ಅಂತ ಎದೆ ತಟ್ಟಿಕೊಂಡಿದ್ದೆ. ಡಾಕ್ಟರಿಗೆ ಪುರಾವೆ ಇರಲಿಲ್ಲ, ಅನುಮಾನ ಇತ್ತು. ಆ ಅನುಮಾನ ಕೇಳಬೇಕಾದಂಥದ್ದೇ ಆಗಿತ್ತು. ಅದು ಸರಿಯೋ ತಪ್ಪೋ ಅಂತ ತೀರ್ಮಾನಿಸಿದ್ದು ಮಾತ್ರ ಮತ್ತೆ ಚೀಟಿ ಎತ್ತಿದ ಪ್ರಯೋಗವೇ, ಡಾಕ್ಟರ ನಲವತ್ತು ವರ್ಷ ಅಲ್ಲ. ನೀವು ಒಪ್ಪದಿದ್ದರೆ ಜಗಳ ಆಡೋಣ, ನಾನು ರೆಡಿ.

ಇನ್ನು ಊಟದ ವಿಚಾರ, ಅಂದರೆ ತಾತನ ಕಾರ್ಡಿನ ವಿಚಾರ. ಮದರಾಸಿನ ಪ್ರಯೋಗದಲ್ಲೂ ಸ್ಯಾನಟೋರಿಯಂನವರು ಮನೆಯವರಿಗಿಂತ ಚೆನ್ನಾಗಿ ಉಂಡರು, ಸಾಕಷ್ಟು ಹೆಚ್ಚು ತೂಕ ಪಡೆದರು. ಆದರೂ ರೋಗಾಣು ಅಡಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. 1961ರಲ್ಲಿ ಅದೇ ಕೇಂದ್ರದವರು ಊಟದ ಬಗ್ಗೆಯೇ ಬೇರೊಂದು ಪ್ರಬಂಧ ಬರೆದು, ಔಷಧ ಸರಿಯಾಗಿ ಸಿಕ್ಕರೆ ಗುಣವಾಗುವುದಕ್ಕೆ ಊಟ ಮುಖ್ಯ ಕಾರಣವಲ್ಲ ಅಂದರು. ಅದು ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಹೋಗುತ್ತಾ "ಟಿಬಿಗೂ ಊಟಕ್ಕೂ ಸಂಬಂಧ ಇಲ್ಲ" ಅನ್ನುವಲ್ಲಿಗೆ ಬಂದು ನಿಂತಿತು. ನಾನೂ ಹಾಗೇ ನಂಬಿದ್ದೆ. ಮಾವನಿಗೆ ಅಜ್ಜಿ ದಿನಾ ಎರಡು ಮೊಟ್ಟೆ ಬೇಯಿಸಿ, ಒಂದು ಲೋಟ ಹಾಲು ಇಡುತ್ತಿದ್ದರು. ನಾನು, "ಅಜ್ಜಿ, ಅದೆಲ್ಲ ಹಳೇ ಕಾಲದ್ದು, ಮಾತ್ರೆ ಸಾಕು" ಅಂದಿದ್ದೆ. "ನೀನು ಸುಮ್ಕಿರೋ, ಮಾತ್ರೆ ಹೊಟ್ಟೆ ತುಂಬಿಸ್ತದಾ?" ಅಂದಿದ್ದರು ಅಜ್ಜಿ.

2023ರ ಆಗಸ್ಟಿನಲ್ಲಿ ಲ್ಯಾನ್ಸೆಟ್‌ನಲ್ಲಿ ಒಂದು ಪ್ರಯೋಗ ಬಂತು. ನಡೆದದ್ದು ಜಾರ್ಖಂಡಿನಲ್ಲಿ, ನಡೆಸಿದವರ ಮುಂದಾಳು ನಮ್ಮ ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ. 2,800 ಟಿಬಿ ರೋಗಿಗಳು, ಅವರ ಮನೆಯವರು 10,345. ರೋಗಿಗಳಿಗೆಲ್ಲ ತಿಂಗಳಿಗೆ ಹತ್ತು ಕಿಲೋ ದಿನಸಿ: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಮನೆಯವರಲ್ಲಿ ಮಾತ್ರ ಎರಡು ಪಾಲು. ಒಂದು ಪಾಲಿಗೆ ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಸಿಕ್ಕಿತು, ಇನ್ನೊಂದಕ್ಕೆ ಇಲ್ಲ. ದಿನಸಿ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಕಫದಲ್ಲಿ ರೋಗಾಣು ಕಾಣುವ, ಇನ್ನೊಬ್ಬರಿಗೆ ಅಂಟುವ ಬಗೆಯದು 48ರಷ್ಟು ಕಡಿಮೆ. ಅವರದೇ ಜೊತೆಯ ಇನ್ನೊಂದು ಪ್ರಬಂಧದಲ್ಲಿ ರೋಗಿಗಳ ಲೆಕ್ಕವಿದೆ. ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಏರಿದವರು ಸಾಯುವ ಅಪಾಯ ಸುಮಾರು 60ರಷ್ಟು ಕಡಿಮೆ ಇತ್ತು. (ಇದು ಚೀಟಿ ಎತ್ತಿ ನೋಡಿದ್ದಲ್ಲ. ಬದುಕುವವರಿಗೇ ತೂಕ ಏರುವುದೂ ಇರಬಹುದು. ನಾನು ಈಗ ಹುಷಾರಾಗಿದ್ದೇನೆ :-))

ಹಾಗಾದರೆ ಮದರಾಸಿನವರು ತಪ್ಪಾ? ನನಗೆ ಹಾಗನ್ನಿಸುವುದಿಲ್ಲ. ಅವರು ಕೇಳಿದ್ದು ವರ್ಷದ ಕೊನೆಗೆ ಕಫ ಶುದ್ಧವಾಯಿತೇ ಅಂತ. ಅದಕ್ಕೆ ಉತ್ತರ ಸಿಕ್ಕಿತು, ಅದು ಇವತ್ತಿಗೂ ನಿಂತಿದೆ. 163 ಜನರಲ್ಲಿ ಹಸಿವಿನಿಂದ ಯಾರು ಬೇಗ ಸಾಯುತ್ತಾರೆ ಅನ್ನುವುದು ಕಾಣುವುದು ಕಷ್ಟ. ಮನೆಯ ಉಳಿದವರಿಗೆ ಹೆಚ್ಚು ಅನ್ನ ಹಾಕಿದರೆ ಕಾಯಿಲೆ ತಪ್ಪುತ್ತದೆಯೇ ಅನ್ನುವುದನ್ನು ಅವರು ಪ್ರಯೋಗ ಮಾಡಲೇ ಇಲ್ಲ. ಕೇಳದ ಪ್ರಶ್ನೆಗೂ "ಇಲ್ಲ" ಅಂತ ಉತ್ತರ ಬರೆದುಕೊಂಡವರು ನಾವು, ಆಮೇಲೆ ಬಂದವರು. ಸ್ಯಾನಟೋರಿಯಂನ ಹಳೆಯ ವೈದ್ಯರಿಗೆ ಹಸಿದ ಮೈಯಲ್ಲಿ ಕ್ಷಯ ಉರಿಯುವುದು ಕಣ್ಣಿಗೆ ಕಾಣುತ್ತಿತ್ತು. ಕಂಡದ್ದು ನಿಜ. ಹಾಸಿಗೆ, ಬೆಟ್ಟದ ಗಾಳಿ, ಹೆಂಡತಿ ಮಕ್ಕಳಿಂದ ದೂರ, ಇಷ್ಟನ್ನೂ ಅದರ ಜೊತೆ ಒಂದೇ ಗಂಟಿನಲ್ಲಿ ಕಟ್ಟಿದ್ದರು. ಯಾವುದು ಕಾಳು, ಯಾವುದು ಹೊಟ್ಟು ಅಂತ ಕೇರಿ ನೋಡುವ ಮೊರ ಅವರ ಹತ್ತಿರ ಇರಲಿಲ್ಲ. ನಾವು ಮೊರ ಬಂದ ಖುಷಿಯಲ್ಲಿ ಸ್ವಲ್ಪ ಕಾಳನ್ನೂ ತೂರಿಬಿಟ್ಟೆವು. ಕೇಂದ್ರ ಸರ್ಕಾರ ಟಿಬಿ ರೋಗಿಗೆ ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಕೊಡಲು ಶುರು ಮಾಡಿದ್ದು 2018ರಲ್ಲಿ, ಅದನ್ನು 1000 ಮಾಡಿದ್ದು 2024ರ ನವೆಂಬರಿನಲ್ಲಿ. 1959ರಿಂದ ಎಷ್ಟು ವರ್ಷ ಆಯಿತು, ಲೆಕ್ಕ ಹಾಕಿಕೊಳ್ಳಿ.

ಕಾರ್ಡನ್ನು ಬೆಂಗಳೂರಿಗೆ ತರುವ ಮೊದಲು ದೊಡ್ಡಪ್ಪನಿಗೆ ತೋರಿಸಿದೆ. ಈಗ ಅವರಿಗೆ ಎಂಬತ್ತರ ಹತ್ತಿರ. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ನಾನು ಮದರಾಸಿನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾರೆ ಅಪ್ಪ ಮನೇಲೇ ಇದ್ದು ಇಂಜೆಕ್ಷನ್ ತಗೊಂಡಿದ್ರೂ ವಾಸಿ ಆಗ್ತಿತ್ತಾ?" ಅಂದರು.

"ಆಗ್ತಿತ್ತು ದೊಡ್ಡಪ್ಪ, ಬಹುಶಃ."

"ಅದು ಯಾವಾಗ ಗೊತ್ತಾಗಿದ್ದು ಅಂದೆ?"

"ಐವತ್ತೊಂಬತ್ತರಲ್ಲಿ."

"ನಾನು ಕುಣಿಗಲ್‌ಗೆ ಹೋಗಿದ್ದು ಐವತ್ತೇಳು" ಅಂದರು. ಕಾರ್ಡು ವಾಪಸ್ ಕೊಟ್ಟು, ಹಸುವಿಗೆ ನೀರು ತೋರಿಸಬೇಕು ಅಂತ ಎದ್ದು ಹೋದರು.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಕಾರ್ಡು, ಸ್ಯಾನಟೋರಿಯಂನಿಂದ ಬರೆದ ಕಾಗದ ಏನಾದರೂ ಇದ್ದರೆ ಕೆಳಗೆ ಕಾಮೆಂಟಿನಲ್ಲಿ ತಿಳಿಸಿ. ತೂಕದ ಕಾಲಂ ಇದ್ದರೆ ಮೊದಲ ಮತ್ತು ಕೊನೆಯ ಸಂಖ್ಯೆಯನ್ನೂ ಬರೆಯಿರಿ, ನನಗೆ ನೋಡುವ ಆಸೆ.